ಎಡಿಟರ್ ಯಾವ ವರ್ಷನ್ ಬಳಸುತ್ತಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸುರತ್ಕಲ್, ನಿಟ್ಟೆ, ಮಣಿಪಾಲ, ಮೂಡುಬಿದಿರೆ ಕಡೆಯ ವಿದ್ಯಾರ್ಥಿಗಳಿಂದಲೂ ಮಂಗಳೂರು, ಉಡುಪಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಪ್ರೋಗ್ರಾಮಿಂಗ್ ಭಾಷೆಯ ಯಾವ ವರ್ಷನ್ (ಆವೃತ್ತಿ) ಓಡುತ್ತಿದೆ ಎಂಬುದೇ ಎಲ್ಲದರ ಮೂಲ. ಹೆಚ್ಚಿನವು ವಿಂಡೋಸ್ ಮತ್ತು ಪ್ರೋಗ್ರಾಂ ಬರೆಯುವ ಎಡಿಟರ್ ವಿಎಸ್ ಕೋಡ್ ಬಗ್ಗೆ, ಏಕೆಂದರೆ ಇಲ್ಲಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಅವೇ. ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ. ಚುಕ್ಕೆ, ಅಡ್ಡಗೆರೆ, ಜಾಗ ಬಿಟ್ಟದ್ದು ಎಲ್ಲವೂ ಇಲ್ಲಿರುವಂತೆಯೇ ಇರಲಿ.

ವಿಎಸ್ ಕೋಡ್ ಹಾಕಿಕೊಂಡರೆ ಪೈಥಾನ್ ಕೂಡ ಬರುತ್ತದೆಯೇ?

ಬರುವುದಿಲ್ಲ. ಪೈಥಾನ್ ಎಕ್ಸ್‌ಟೆನ್ಶನ್ (ಎಡಿಟರಿಗೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿದರೂ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಮೊದಲೇ ಇರುವ ಪೈಥಾನ್‌ಗಳನ್ನು ಹುಡುಕಿ ಪಟ್ಟಿ ಮಾಡುವುದಷ್ಟೇ ಎಕ್ಸ್‌ಟೆನ್ಶನ್‌ನ ಕೆಲಸ. ಟೈಪ್‌ಸ್ಕ್ರಿಪ್ಟ್ ಭಾಷೆ ಮಾತ್ರ ಬೇರೆ. ಅದರ ಒಂದು ಪ್ರತಿ ವಿಎಸ್ ಕೋಡ್ ಒಳಗೇ ಇರುತ್ತದೆ. ಜಾವಾ ಎಕ್ಸ್‌ಟೆನ್ಶನ್ ತನ್ನ ಸ್ವಂತ ಕೆಲಸಕ್ಕೆ ಒಂದು ಜಾವಾ ತಂದುಕೊಳ್ಳುತ್ತದೆ, ಆದರೆ ನಿಮ್ಮ ಪ್ರೋಗ್ರಾಂ ಕಂಪೈಲ್ ಮಾಡಲು ಜೆಡಿಕೆಯನ್ನು (ಜಾವಾ ಪ್ರೋಗ್ರಾಂ ಕಟ್ಟುವ ಉಪಕರಣಗಳ ಕಟ್ಟು) ನೀವೇ ಹಾಕಬೇಕು.

ಒಂದು ವಿಷಯ ಇಲ್ಲೇ ತಿಳಿದಿರಲಿ, ಮುಂದಿನ ಹೆಚ್ಚಿನ ಉತ್ತರಗಳು ಇದರ ಮೇಲೆಯೇ ನಿಂತಿವೆ. ನೀವು ಬರೆದದ್ದನ್ನು ಓದಿ ಕೆಂಪು ಗೆರೆ ಎಳೆಯುವ ವರ್ಷನ್ ಒಂದು. ರನ್ ಬಟನ್ ಒತ್ತಿದಾಗ ಓಡುವ ವರ್ಷನ್ ಇನ್ನೊಂದು. ಟರ್ಮಿನಲ್‌ನಲ್ಲಿ ಕೈಯಾರೆ ಕಮಾಂಡ್ ಕೊಟ್ಟಾಗ ಓಡುವುದು ಮೂರನೆಯದು. ಮೂರೂ ಒಂದೇ ಆಗಿರಬಹುದು, ಆಗಿರಲೇಬೇಕೆಂದಿಲ್ಲ.

ಹಾಗಾದರೆ ಓಡುತ್ತಿರುವುದು ಯಾವುದು ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಓಡುತ್ತಿರುವ ಪ್ರೋಗ್ರಾಂ ಬಾಯಿಂದಲೇ ಹೇಳಿಸಿ. ಎಡಿಟರಿನ ಕೆಳಪಟ್ಟಿಯಲ್ಲಿ ಕಾಣುವ ಸಂಖ್ಯೆಯನ್ನು ಮಾತ್ರ ನಂಬಬೇಡಿ.

ಪೈಥಾನ್ ಆದರೆ ಫೈಲಿನ ಮೇಲ್ಗಡೆ ‘ಇಂಪೋರ್ಟ್ ಸಿಸ್’ ಎಂದು ಬರೆದು, ‘ಸಿಸ್.ವರ್ಷನ್’ ಮತ್ತು ‘ಸಿಸ್.ಎಕ್ಸಿಕ್ಯೂಟೆಬಲ್’ ಎರಡನ್ನೂ ಪ್ರಿಂಟ್ ಮಾಡಿ. ಎರಡನೆಯದು ಹೆಚ್ಚು ಉಪಯೋಗಿ: ಯಾವ ಫೋಲ್ಡರಿನ ಪೈಥಾನ್ ಎಂಬುದನ್ನು ಅದು ಪೂರ್ತಿ ವಿಳಾಸದೊಂದಿಗೆ ತೋರಿಸುತ್ತದೆ. ಒಂದೇ 3.11 ಎರಡು ಕಡೆ ಇದ್ದು, ಲೈಬ್ರರಿ ಒಂದರಲ್ಲಿ ಮಾತ್ರ ಇರುವುದು ತೀರಾ ಸಾಮಾನ್ಯ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ‘ಪ್ರೋಸೆಸ್.ವರ್ಷನ್’ ಮತ್ತು ‘ಪ್ರೋಸೆಸ್.ಎಕ್ಸೆಕ್‌ಪಾತ್’ ಇವೆ. ಜಾವಾದಲ್ಲಿ ‘ಸಿಸ್ಟಮ್.ಗೆಟ್‌ಪ್ರಾಪರ್ಟಿ’ಗೆ ‘ಜಾವಾ.ವರ್ಷನ್’ ಮತ್ತು ‘ಜಾವಾ.ಹೋಮ್’ ಕೊಟ್ಟು ನೋಡಿ. ಸಿ++ನಲ್ಲಿ ಎರಡು ಅಂಡರ್‌ಸ್ಕೋರ್ ಹಾಕಿ ‘ಸಿಪ್ಲಸ್‌ಪ್ಲಸ್’ ಎಂಬ ಮ್ಯಾಕ್ರೋ ಪ್ರಿಂಟ್ ಮಾಡಿ. 201402 ಬಂದರೆ ಸಿ++14, 201703 ಬಂದರೆ ಸಿ++17, 202002 ಬಂದರೆ ಸಿ++20. ಮೈಕ್ರೋಸಾಫ್ಟ್ ಕಂಪೈಲರ್ ಮಾತ್ರ ವಿಶೇಷ ಆಯ್ಕೆ ಕೊಡದಿದ್ದರೆ ಯಾವಾಗಲೂ 199711 ಎನ್ನುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ.

ವಿಎಸ್ ಕೋಡ್‌ನಲ್ಲಿ ಪೈಥಾನ್ ವರ್ಷನ್ ಬದಲಿಸುವುದು ಎಲ್ಲಿ?

ಮೊದಲು ಪ್ರಾಜೆಕ್ಟಿನ ಫೋಲ್ಡರನ್ನು ತೆರೆಯಿರಿ. ಒಂಟಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ನಿಮ್ಮ ಆಯ್ಕೆಯನ್ನು ಆ ಪ್ರಾಜೆಕ್ಟಿಗೆ ಸೇರಿಸಿ ನೆನಪಿಟ್ಟುಕೊಳ್ಳಲು ಎಡಿಟರಿಗೆ ಜಾಗ ಇರುವುದಿಲ್ಲ. ನಂತರ ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ, ಆಗ ಬರುವ ಕಮಾಂಡ್ ಪ್ಯಾಲೆಟ್‌ನಲ್ಲಿ ‘ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್’ ಆರಿಸಿ. ಇಂಟರ್‌ಪ್ರಿಟರ್ ಎಂದರೆ ನಿಮ್ಮ ಪ್ರೋಗ್ರಾಂ ಓಡಿಸುವ ಪೈಥಾನ್. ಪೈಥಾನ್ ಫೈಲ್ ತೆರೆದಿರುವಾಗ ಬಲಗಡೆ ಕೆಳಗೆ ಕಾಣುವ ವರ್ಷನ್ ಸಂಖ್ಯೆಯನ್ನು ಒತ್ತಿದರೂ ಅದೇ ಪಟ್ಟಿ ಬರುತ್ತದೆ. ಬೇಕಾದದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ‘ಎಂಟರ್ ಇಂಟರ್‌ಪ್ರಿಟರ್ ಪಾತ್’ ಆರಿಸಿ ಆ ಪೈಥಾನ್‌ನ ಎಕ್ಸ್‌ಇ ಫೈಲನ್ನೇ ತೋರಿಸಿ.

ವಿಂಡೋಸ್‌ನಲ್ಲಿ ಏನೇನಿದೆ ಎಂದು ನೋಡಲು ಟರ್ಮಿನಲ್‌ನಲ್ಲಿ ‘ಪೈ -0ಪಿ’ ಕೊಡಿ. ಇಲ್ಲಿ ‘ಪೈ’ ಎಂದರೆ ಪಿ, ವೈ ಎಂಬ ಎರಡೇ ಅಕ್ಷರ. 0 ಎಂಬುದು ಸೊನ್ನೆ. ಹಾಕಿರುವ ಎಲ್ಲ ಪೈಥಾನ್‌ಗಳೂ ವಿಳಾಸದ ಸಮೇತ ಬರುತ್ತವೆ.

ಬದಲಿಸಿದೆ, ಕೆಳಗೆ 3.11 ಎಂದೇ ತೋರಿಸುತ್ತದೆ. ಟರ್ಮಿನಲ್ ಮಾತ್ರ ಇನ್ನೂ 3.13 ಎನ್ನುತ್ತದೆ. ಏಕೆ?

ಮೊದಲೇ ತೆರೆದಿದ್ದ ಟರ್ಮಿನಲ್‌ಗೆ ನಿಮ್ಮ ಹೊಸ ಆಯ್ಕೆ ತಲುಪಿರುವುದಿಲ್ಲ. ಕಸದ ಬುಟ್ಟಿಯ ಗುರುತು ಒತ್ತಿ ಅದನ್ನು ಮುಚ್ಚಿ, ಹೊಸದು ತೆರೆಯಿರಿ. ನೀವು ಆರಿಸಿದ್ದು ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿಗೆಂದೇ ಕಟ್ಟಿದ, ತನ್ನದೇ ಲೈಬ್ರರಿಗಳಿರುವ ಪೈಥಾನ್ ಫೋಲ್ಡರ್) ಆಗಿದ್ದರೆ ಹೊಸ ಟರ್ಮಿನಲ್‌ನಲ್ಲಿ ಅದು ತಾನಾಗಿ ಚಾಲೂ ಆಗುತ್ತದೆ. ಸಾಮಾನ್ಯವಾಗಿ ಸಾಲಿನ ಆರಂಭದಲ್ಲಿ ಕಂಸದೊಳಗೆ ಅದರ ಹೆಸರು ಕಾಣುತ್ತದೆ.

ಎನ್ವಿರಾನ್‌ಮೆಂಟ್ ಮಾಡದೆ ನೇರ ಪೈಥಾನ್ ಆರಿಸಿದ್ದರೆ ಕಾರಣ ಬೇರೆ. ಬರೀ ‘ಪೈಥಾನ್’ ಎಂದು ಟೈಪ್ ಮಾಡಿದಾಗ ವಿಂಡೋಸ್ ‘ಪಾತ್’ ಪಟ್ಟಿಯನ್ನು (ಪ್ರೋಗ್ರಾಂಗಳನ್ನು ಹುಡುಕಬೇಕಾದ ಫೋಲ್ಡರುಗಳ ಪಟ್ಟಿ) ಮೇಲಿನಿಂದ ಕೆಳಗೆ ಹುಡುಕಿ ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಎಡಿಟರಿನ ಆಯ್ಕೆ ಆ ಪಟ್ಟಿಯನ್ನು ಬದಲಿಸುವುದಿಲ್ಲ. ‘ಪಾತ್’ ಅನ್ನು ನೀವೇ ತಿದ್ದಿದ್ದರೆ ವಿಎಸ್ ಕೋಡ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯಬೇಕು; ಎಡಿಟರ್ ತೆರೆದ ಹೊತ್ತಿನಲ್ಲಿದ್ದ ‘ಪಾತ್’ ಅದರೊಳಗಿನ ಟರ್ಮಿನಲ್‌ಗಳಿಗೆ ಬರುತ್ತದೆ.

ಇನ್ನೊಂದು ಕಡೆಯೂ ಜನ ಎಡವುತ್ತಾರೆ. ಎನ್ವಿರಾನ್‌ಮೆಂಟ್ ಚಾಲೂ ಇರುವಾಗ ‘ಪೈ’ ಎಂದಷ್ಟೇ ಕೊಟ್ಟರೆ ಅದರೊಳಗಿನ ಪೈಥಾನ್ ಓಡುತ್ತದೆ, ‘ಪೈ -3.11’ ಎಂದು ಸಂಖ್ಯೆ ಸೇರಿಸಿದರೆ ಎನ್ವಿರಾನ್‌ಮೆಂಟನ್ನು ಬಿಟ್ಟು ಹೊರಗಿನ 3.11 ಓಡುತ್ತದೆ. ಎನ್ವಿರಾನ್‌ಮೆಂಟ್ ಕಟ್ಟುವಾಗ ಮಾತ್ರ ಸಂಖ್ಯೆ ಬಳಸಿ, ಆಮೇಲೆ ‘ಪೈಥಾನ್’ ಎಂದೇ ಬರೆಯುವುದು ಒಳ್ಳೆಯದು.

ಸೆಟ್ಟಿಂಗ್ಸ್‌ನಲ್ಲಿ ‘ಡೀಫಾಲ್ಟ್ ಇಂಟರ್‌ಪ್ರಿಟರ್ ಪಾತ್’ ಬದಲಿಸಿದರೂ ಏನೂ ಆಗಲಿಲ್ಲ.

ಆ ಸೆಟ್ಟಿಂಗ್ ಕೆಲಸ ಮಾಡುವುದು ಆ ಫೋಲ್ಡರಿಗೆ ಇನ್ನೂ ಯಾವ ಇಂಟರ್‌ಪ್ರಿಟರನ್ನೂ ಆರಿಸಿಲ್ಲದಿದ್ದಾಗ ಮಾತ್ರ. ಒಮ್ಮೆ ಪಟ್ಟಿಯಿಂದ ಆರಿಸಿದ್ದರೆ ಆ ಆಯ್ಕೆಯೇ ಗೆಲ್ಲುತ್ತದೆ. ಕಮಾಂಡ್ ಪ್ಯಾಲೆಟ್‌ನಲ್ಲಿ ‘ಪೈಥಾನ್: ಕ್ಲಿಯರ್ ವರ್ಕ್‌ಸ್ಪೇಸ್ ಇಂಟರ್‌ಪ್ರಿಟರ್ ಸೆಟ್ಟಿಂಗ್’ ಕೊಟ್ಟು ಹಳೆಯದನ್ನು ಅಳಿಸಿ.

ಒಂದೇ ತ್ರಿಕೋನದ ಬಟನ್. ಕೆಲವೊಮ್ಮೆ ಸರಿಯಾದ ವರ್ಷನ್ ಓಡುತ್ತದೆ, ಕೆಲವೊಮ್ಮೆ ಇಲ್ಲ.

‘ಕೋಡ್ ರನ್ನರ್’ ಎಂಬ ಎಕ್ಸ್‌ಟೆನ್ಶನ್ ಕೂಡ ಹಾಕಿದ್ದೀರಾ ನೋಡಿ. ಯೂಟ್ಯೂಬ್ ಪಾಠ ನೋಡಿ ಸೆಟಪ್ ಮಾಡಿಕೊಂಡವರ ಲ್ಯಾಪ್‌ಟಾಪ್‌ನಲ್ಲಿ ಇದು ಹೆಚ್ಚಾಗಿ ಇರುತ್ತದೆ. ಇದನ್ನು ಹಾಕಿದರೆ ಬಲ ಮೇಲ್ತುದಿಯ ತ್ರಿಕೋನದ ಪಕ್ಕದ ಬಾಣದಲ್ಲಿ ಎರಡು ಬೇರೆ ಆಯ್ಕೆಗಳು ಸೇರಿಕೊಳ್ಳುತ್ತವೆ. ‘ರನ್ ಪೈಥಾನ್ ಫೈಲ್’ ಎಂಬುದು ನೀವು ಆರಿಸಿದ ಇಂಟರ್‌ಪ್ರಿಟರನ್ನು ಬಳಸುತ್ತದೆ. ‘ರನ್ ಕೋಡ್’ ಎಂಬುದು ಕೋಡ್ ರನ್ನರ್‌ನದು. ಅದು ತನ್ನ ಸೆಟ್ಟಿಂಗ್‌ನಲ್ಲಿ ಬರೆದಿರುವ ಕಮಾಂಡನ್ನು ಓಡಿಸುತ್ತದೆ, ಅಂದರೆ ಬೇರೇನೂ ಬದಲಿಸದಿದ್ದರೆ ‘ಪಾತ್’ನಲ್ಲಿ ಮೊದಲು ಸಿಗುವ ಪೈಥಾನನ್ನು. ಬಾಣದಲ್ಲಿ ಕೊನೆಗೆ ಯಾವುದನ್ನು ಆರಿಸಿದಿರೋ ಅದೇ ತ್ರಿಕೋನಕ್ಕೆ ಅಂಟಿಕೊಳ್ಳುವುದರಿಂದ ಒಮ್ಮೆ ಹೀಗೆ, ಒಮ್ಮೆ ಹಾಗೆ ಆಗುತ್ತದೆ.

ಬಳಕೆದಾರರಿಂದ ಇನ್‌ಪುಟ್ ಕೇಳುವ ಪ್ರೋಗ್ರಾಂ ಸುಮ್ಮನೆ ನಿಂತುಬಿಡುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಕೋಡ್ ರನ್ನರ್ ಬರೆಯುವ ‘ಔಟ್‌ಪುಟ್’ ಕಿಟಕಿಯಲ್ಲಿ ಟೈಪ್ ಮಾಡಲು ಬರುವುದಿಲ್ಲ. ಅದರ ‘ರನ್ ಇನ್ ಟರ್ಮಿನಲ್’ ಸೆಟ್ಟಿಂಗ್ ಆನ್ ಮಾಡಿದರೆ ಇನ್‌ಪುಟ್ ಸಮಸ್ಯೆ ಹೋಗುತ್ತದೆ, ವರ್ಷನ್ ಸಮಸ್ಯೆ ಉಳಿಯುತ್ತದೆ. ಪೈಥಾನ್ ಮಾತ್ರ ಬರೆಯುವವರು ಕೋಡ್ ರನ್ನರ್ ತೆಗೆದುಬಿಡುವುದೇ ವಾಸಿ ಎಂಬುದು ನಮ್ಮ ಅಭಿಪ್ರಾಯ.

‘ಪೈಥಾನ್’ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದೆ.

ವಿಂಡೋಸ್ ಅದೇ ಹೆಸರಿನ ಒಂದು ಅಡ್ಡದಾರಿ ಇಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಶನ್ ಅಲಿಯಾಸಸ್’ ಎಂದು ಹುಡುಕಿ, ಪೈಥಾನ್ ಹೆಸರಿನ ಎರಡು ಸಾಲುಗಳನ್ನೂ ಆಫ್ ಮಾಡಿ.

ಯಾವ ವರ್ಷನ್ ಹಾಕಿಕೊಳ್ಳಲಿ? ಹೊಸದೇ ಒಳ್ಳೆಯದಲ್ಲವೇ?

ಪ್ರತಿವರ್ಷ ಅಕ್ಟೋಬರ್‌ನಲ್ಲಿ ಪೈಥಾನ್‌ನ ಹೊಸ ವರ್ಷನ್ ಬರುತ್ತದೆ: 3.11 ಬಂದದ್ದು 2022ರಲ್ಲಿ, 3.12 2023ರಲ್ಲಿ, 3.13 2024ರಲ್ಲಿ, 3.14 2025ರಲ್ಲಿ. ಒಂದೊಂದಕ್ಕೂ ಸುಮಾರು ಐದು ವರ್ಷ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. 3.9ರ ಅವಧಿ 2025ರ ಅಕ್ಟೋಬರ್‌ಗೆ ಮುಗಿಯಿತು.

ಆದರೆ ಭಾಷೆ ಬಂದ ದಿನವೇ ಎಲ್ಲ ಲೈಬ್ರರಿಗಳೂ ಸಿದ್ಧವಾಗಿರುವುದಿಲ್ಲ. ಮಷೀನ್ ಲರ್ನಿಂಗ್ ಲೈಬ್ರರಿಗಳಂತೂ ತಡವಾಗಿಯೇ ಬರುತ್ತವೆ. ಆಗ ಲೈಬ್ರರಿಗಳನ್ನು ಇಳಿಸಿ ಹಾಕುವ ಪಿಪ್ ‘ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಶನ್ ಫೌಂಡ್’ ಎನ್ನುತ್ತದೆ. ಇಲ್ಲವೇ ಲೈಬ್ರರಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟಲು ಹೋಗಿ, ಮೈಕ್ರೋಸಾಫ್ಟ್ ವಿಷುಯಲ್ ಸಿ++ 14.0 ಬೇಕು ಎಂದು ನಿಲ್ಲುತ್ತದೆ. ಇದನ್ನು ನೆಟ್ ಸಮಸ್ಯೆ ಎಂದುಕೊಂಡು ಹಾಟ್‌ಸ್ಪಾಟ್ ಬದಲಿಸಿ ನೋಡುವವರಿದ್ದಾರೆ. ಬೇಕಾದದ್ದು ಒಂದೆರಡು ಹೆಜ್ಜೆ ಹಿಂದಿನ ಪೈಥಾನ್. 32 ಬಿಟ್ ಪೈಥಾನ್ ಹಾಕಿದ್ದರೂ ಇದೇ ಸಂದೇಶ ಬರುತ್ತದೆ. ‘ಸಿಸ್.ವರ್ಷನ್’ ಪ್ರಿಂಟ್ ಮಾಡಿದಾಗ 64 ಬಿಟ್ ಎಂದು ಇರಬೇಕು.

ತೀರಾ ಹಳೆಯದಕ್ಕೆ ಹೋದರೂ ತೊಂದರೆ. ‘ಮ್ಯಾಚ್’ ಮತ್ತು ‘ಕೇಸ್’ ಬಳಸಿದ ಪ್ರೋಗ್ರಾಂ 3.10ಕ್ಕಿಂತ ಹಿಂದಿನದರಲ್ಲಿ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಅದೇ ಹಳೆಯ ಪ್ರಾಜೆಕ್ಟನ್ನು 3.12ಕ್ಕೆ ತಂದರೆ ‘ಡಿಸ್ಟ್‌ಯುಟಿಲ್ಸ್’ ಇಲ್ಲ ಎಂಬ ದೂರು ಬರುತ್ತದೆ, ಏಕೆಂದರೆ ಆ ವರ್ಷನ್‌ನಿಂದ ಅದನ್ನು ತೆಗೆದುಹಾಕಿದ್ದಾರೆ. ಹಾಗಾಗಿ ಎರಡು ಮೂರು ವರ್ಷನ್ ಒಟ್ಟಿಗೆ ಇಟ್ಟುಕೊಳ್ಳಿ. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಪ್ರಾಜೆಕ್ಟಿಗೊಂದು ಎನ್ವಿರಾನ್‌ಮೆಂಟ್ ಕಟ್ಟಿ: ಫೋಲ್ಡರಿನೊಳಗೆ ‘ಪೈ -3.11 -ಎಂ ವೆನ್ವ್ .ವೆನ್ವ್’. ವೆನ್ವ್ ಎಂಬುದು ವಿ, ಇ, ಎನ್, ವಿ. ನಂತರ ಲೈಬ್ರರಿ ಹಾಕುವಾಗ ಬರೀ ‘ಪಿಪ್’ ಎನ್ನದೆ ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂದು ಕೊಡಿ. ಆಗ ಲೈಬ್ರರಿ ಯಾವ ಪೈಥಾನ್‌ಗೆ ಹೋಗುತ್ತದೆ ಎಂಬ ಅನುಮಾನವೇ ಉಳಿಯದು.

ಎನ್ವಿರಾನ್‌ಮೆಂಟ್ ಚಾಲೂ ಮಾಡಲು ಹೋದರೆ ಪವರ್‌ಶೆಲ್ ಕೆಂಪಗೆ ಬೈಯುತ್ತದೆ.

ಸ್ಕ್ರಿಪ್ಟ್ ಓಡಿಸುವುದಕ್ಕೆ ತಡೆ ಇದೆ ಎಂದರ್ಥ. ಪವರ್‌ಶೆಲ್‌ನಲ್ಲಿ ‘ಸೆಟ್-ಎಕ್ಸಿಕ್ಯೂಶನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ ರಿಮೋಟ್‌ಸೈನ್ಡ್’ ಒಮ್ಮೆ ಕೊಟ್ಟರೆ ಸಾಕು, ಅಡ್ಮಿನ್ ಬೇಕಿಲ್ಲ. ಕಾಲೇಜಿನ ಕಂಪ್ಯೂಟರಿನಲ್ಲಿ ಅದಕ್ಕೂ ಬಿಡದಿದ್ದರೆ ವಿಎಸ್ ಕೋಡ್‌ನ ಟರ್ಮಿನಲ್ ಪಟ್ಟಿಯಲ್ಲಿ ‘ಕಮಾಂಡ್ ಪ್ರಾಂಪ್ಟ್’ ಆರಿಸಿ; ಅಲ್ಲಿ ಈ ತಡೆ ಇಲ್ಲ.

ಲ್ಯಾಬ್‌ನಲ್ಲಿ ಮಾಡಿದ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದೆ. ಇಂಟರ್‌ಪ್ರಿಟರ್ ಸಿಗುತ್ತಿಲ್ಲ ಎನ್ನುತ್ತದೆ.

‘.ವೆನ್ವ್’ ಫೋಲ್ಡರ್ ಪ್ರಯಾಣಕ್ಕೆ ಆಗುವಂಥದ್ದಲ್ಲ. ಅದರೊಳಗೆ ‘ಪೈವೆನ್ವ್.ಸಿಎಫ್‌ಜಿ’ ಎಂಬ ಫೈಲ್ ಇದೆ. ತೆರೆದು ನೋಡಿದರೆ ‘ಹೋಮ್’ ಎಂಬ ಸಾಲಿನಲ್ಲಿ ಲ್ಯಾಬ್ ಕಂಪ್ಯೂಟರಿನ ಪೈಥಾನ್ ಇರುವ ವಿಳಾಸ ಕಾಣುತ್ತದೆ. ಮನೆಯಲ್ಲಿ ಆ ವಿಳಾಸದಲ್ಲಿ ಏನೂ ಇಲ್ಲ. ಫೋಲ್ಡರಿನ ಹೆಸರು ಬದಲಿಸಿದರೂ, ಡಿ ಡ್ರೈವಿಗೆ ಸರಿಸಿದರೂ ಒಳಗಿನ ಕಮಾಂಡುಗಳು ಕೆಡುತ್ತವೆ.

ಲ್ಯಾಬ್‌ನಿಂದ ಹೊರಡುವ ಮೊದಲು ‘ಪೈಥಾನ್ -ಎಂ ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಕೊಟ್ಟು ಪಟ್ಟಿ ಬರೆಸಿಕೊಳ್ಳಿ. ಪೈಥಾನ್‌ನ ಸಂಖ್ಯೆಯನ್ನೂ ಒಂದು ಕಡೆ ಬರೆದಿಡಿ, ಪಿಪ್‌ನ ಪಟ್ಟಿಯಲ್ಲಿ ಅದು ಇರುವುದಿಲ್ಲ. ‘.ವೆನ್ವ್’ ಬಿಟ್ಟು ಉಳಿದದ್ದನ್ನು ನಕಲು ಮಾಡಿ, ಮನೆಯಲ್ಲಿ ಅದೇ ಸಂಖ್ಯೆಯ ಪೈಥಾನ್‌ನಿಂದ ಹೊಸ ಎನ್ವಿರಾನ್‌ಮೆಂಟ್ ಕಟ್ಟಿ, ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಕೊಡಿ. ಗಿಟ್ ಬಳಸುವವರು ‘.ವೆನ್ವ್’ ಅನ್ನು ‘.ಗಿಟ್‌ಇಗ್ನೋರ್’ಗೆ ಸೇರಿಸಿರಿ.

ಲ್ಯಾಬ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಇಲ್ಲ. ಬೇರೆ ವರ್ಷನ್ ಹಾಕಬಹುದೇ?

ಪೈಥಾನ್‌ನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ‘ಎಲ್ಲ ಬಳಕೆದಾರರಿಗೆ’ ಎಂಬ ಗುರುತು ತೆಗೆದರೆ ಅಡ್ಮಿನ್ ಕೇಳದೆ ನಿಮ್ಮ ಖಾತೆಯೊಳಗೆ ಹಾಕಿಕೊಳ್ಳುತ್ತದೆ. ಲ್ಯಾಬ್ ನೋಡಿಕೊಳ್ಳುವವರನ್ನು ಮೊದಲು ಕೇಳಿ. ರೀಸ್ಟಾರ್ಟ್ ಮಾಡಿದಾಗ ಎಲ್ಲವೂ ಹಿಂದಿನ ಸ್ಥಿತಿಗೆ ಹೋಗುವಂತೆ ಹೊಂದಿಸಿದ ಕಂಪ್ಯೂಟರ್ ಆದರೆ ನೀವು ಹಾಕಿದ್ದು ಉಳಿಯುವುದಿಲ್ಲ. ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲಿ 3.8ರ ನಂತರದ ಪೈಥಾನ್ ಹಾಕಲು ಬರುವುದೇ ಇಲ್ಲ.

ನೋಟ್‌ಬುಕ್ ಫೈಲ್‌ನಲ್ಲಿ ಆಯ್ಕೆ ಏಕೆ ಅನ್ವಯಿಸುವುದಿಲ್ಲ?

ನೋಟ್‌ಬುಕ್‌ಗೆ (ಕೋಡನ್ನು ಸೆಲ್ ಎಂಬ ತುಂಡುಗಳಾಗಿ ಓಡಿಸುವ ಫೈಲ್) ಬೇರೆಯದೇ ಆಯ್ಕೆ ಇದೆ: ಬಲ ಮೇಲ್ತುದಿಯ ‘ಸೆಲೆಕ್ಟ್ ಕರ್ನಲ್’. ಆರಿಸಿದ ಎನ್ವಿರಾನ್‌ಮೆಂಟ್‌ನಲ್ಲಿ ‘ಐಪೈಕರ್ನಲ್’ ಎಂಬ ಲೈಬ್ರರಿ ಇರಲೇಬೇಕು. ಕರ್ನಲ್ ಬದಲಿಸಿದ ಮೇಲೆ ಮೊದಲ ಸೆಲ್‌ನಿಂದ ಮತ್ತೆ ಓಡಿಸಿ. ಹಳೆಯ ವೇರಿಯಬಲ್‌ಗಳು ಹೊಸದಕ್ಕೆ ಬರುವುದಿಲ್ಲ.

ಕನ್ನಡದ ಫೈಲ್ ಓದುವಾಗ ‘ಚಾರ್‌ಮ್ಯಾಪ್’ ಎರರ್. ವರ್ಷನ್ ಬದಲಿಸಿದರೆ ಹೋಗುತ್ತದೆಯೇ?

ಉಡುಪಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಎಂದು ಬಸ್ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲೇ ಬರೆದ ಫೈಲ್ ಇದ್ದರೆ ಸಾಕು, ಈ ಎರರ್ ಬರಬಹುದು. ಇದು ಇಂಟರ್‌ಪ್ರಿಟರ್ ಆಯ್ಕೆಯ ತಪ್ಪಲ್ಲ. ವಿಂಡೋಸ್‌ನಲ್ಲಿ ಪೈಥಾನ್ ಈವರೆಗೆ ಫೈಲುಗಳನ್ನು ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳನ್ನೂ ಬರೆಯುವ ಕ್ರಮ) ಎಂದು ತಿಳಿಯದೆ ವಿಂಡೋಸ್‌ನ ಹಳೆಯ ಕೋಡ್ ಪೇಜ್‌ನಲ್ಲಿ (ಅಕ್ಷರಗಳ ಪಟ್ಟಿ) ತೆರೆಯುತ್ತದೆ. ಕನ್ನಡ ಅಕ್ಷರ ಅದರಲ್ಲಿ ಇಲ್ಲ. ‘ಓಪನ್’ಗೆ ‘ಎನ್‌ಕೋಡಿಂಗ್="ಯುಟಿಎಫ್-8"’ ಎಂದು ಸೇರಿಸಿ. 3.15ರಿಂದ ಯುಟಿಎಫ್-8 ತಾನಾಗಿ ಬರಬೇಕೆಂದು ಪೈಥಾನ್ ತಂಡ ತೀರ್ಮಾನಿಸಿದೆ. ಆದರೂ ಸ್ಪಷ್ಟವಾಗಿ ಬರೆಯುವುದನ್ನು ಬಿಡಬೇಡಿ, ನಿಮ್ಮ ಪ್ರೋಗ್ರಾಂ ಹಳೆಯ ಪೈಥಾನ್ ಇರುವ ಕಂಪ್ಯೂಟರಿಗೂ ಹೋಗುತ್ತದೆ.

ಜಾವಾದಲ್ಲಿ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಎಂದರೇನು?

ಹೊಸ ಜಾವಾದಲ್ಲಿ ಕಂಪೈಲ್ ಮಾಡಿದ್ದನ್ನು ಹಳೆಯ ಜಾವಾದಲ್ಲಿ ಓಡಿಸುತ್ತಿದ್ದೀರಿ. ಸಂದೇಶದಲ್ಲಿ 65.0, 61.0, 52.0 ಎಂಬಂಥ ಸಂಖ್ಯೆಗಳಿರುತ್ತವೆ. ಅದರಿಂದ 44 ಕಳೆಯಿರಿ: 65 ಅಂದರೆ ಜಾವಾ 21, 61 ಅಂದರೆ 17, 52 ಅಂದರೆ 8. ಯಾವುದರಲ್ಲಿ ಕಂಪೈಲ್ ಆಯಿತು, ಯಾವುದರಲ್ಲಿ ಓಡಿಸಲು ಹೋದಿರಿ ಎಂಬ ಎರಡೂ ಆ ಒಂದೇ ಸಾಲಿನಲ್ಲಿ ಸಿಗುತ್ತವೆ.

ವಿಎಸ್ ಕೋಡ್‌ನಲ್ಲಿ ಎರಡು ಸೆಟ್ಟಿಂಗ್‌ಗಳನ್ನು ಜನ ಗೊಂದಲ ಮಾಡಿಕೊಳ್ಳುತ್ತಾರೆ. ‘ಜಾವಾ.ಜೆಡಿಟಿ.ಎಲ್‌ಎಸ್.ಜಾವಾ.ಹೋಮ್’ ಎಂಬುದು ಎಕ್ಸ್‌ಟೆನ್ಶನ್ ತಾನು ಓಡಲು ಬಳಸುವ ಜಾವಾ. ಅಲ್ಲಿ ಜಾವಾ 8 ಹಾಕಿದರೆ ಎಕ್ಸ್‌ಟೆನ್ಶನ್ ಏಳುವುದೇ ಇಲ್ಲ. ನಿಮ್ಮ ಪ್ರಾಜೆಕ್ಟಿಗೆ ಬೇಕಾದದ್ದು ‘ಜಾವಾ.ಕಾನ್ಫಿಗರೇಶನ್.ರನ್‌ಟೈಮ್ಸ್’. ಅಲ್ಲಿ ‘ಜಾವಾಎಸ್‌ಇ-17’ ಎಂಬ ಹೆಸರನ್ನೂ ಜೆಡಿಕೆ ಫೋಲ್ಡರಿನ ವಿಳಾಸವನ್ನೂ ಕೊಡಬೇಕು. ಒಳಗಿನ ‘ಬಿನ್’ ಫೋಲ್ಡರನ್ನು ತೋರಿಸಬೇಡಿ, ಒಂದು ಮೆಟ್ಟಿಲು ಮೇಲಕ್ಕೆ ನಿಲ್ಲಿಸಿ. ವಿಂಡೋಸ್ ವಿಳಾಸದ ಹಿಂಬಾಗಿದ ಗೆರೆಯನ್ನು ಎರಡೆರಡು ಬಾರಿ ಬರೆಯಬೇಕು, ಇಲ್ಲದಿದ್ದರೆ ಸೆಟ್ಟಿಂಗ್ಸ್ ಫೈಲೇ ತಪ್ಪಾಗುತ್ತದೆ.

ಮೇವೆನ್ (ಜಾವಾ ಪ್ರೋಗ್ರಾಂ ಕಟ್ಟುವ ಉಪಕರಣ) ಪ್ರಾಜೆಕ್ಟ್ ಆದರೆ ಭಾಷೆಯ ಮಟ್ಟ ‘ಪೋಮ್.ಎಕ್ಸ್‌ಎಂಎಲ್’ನಲ್ಲಿ ಬರೆದದ್ದೇ. ಟರ್ಮಿನಲ್‌ನಲ್ಲಿ ಓಡುವ ಮೇವೆನ್ ಎಡಿಟರಿನ ಸೆಟ್ಟಿಂಗ್ ನೋಡುವುದಿಲ್ಲ, ‘ಜಾವಾ_ಹೋಮ್’ ನೋಡುತ್ತದೆ. ಜಾವಾದ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕು.

ಲ್ಯಾಬ್‌ನ ಟರ್ಬೊ ಸಿ++ ಪ್ರೋಗ್ರಾಂ ವಿಎಸ್ ಕೋಡ್‌ನಲ್ಲಿ ಸಾಲುಸಾಲಾಗಿ ಎರರ್ ಕೊಡುತ್ತದೆ.

ಟರ್ಬೊ ಸಿ++ ಎಂಬ ಕಂಪೈಲರ್, ಸಿ++ ಭಾಷೆಗೆ ಮೊದಲ ಅಧಿಕೃತ ಮಾನದಂಡ ಬಂದ 1998ಕ್ಕಿಂತ ಹಿಂದಿನದು. ‘ಐಒಸ್ಟ್ರೀಮ್.ಎಚ್’ ಬದಲು ‘ಐಒಸ್ಟ್ರೀಮ್’ ಬರೆದು, ಕೆಳಗೆ ‘ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ’ ಸೇರಿಸಿ. ‘ವಾಯ್ಡ್ ಮೇನ್’ ಇದ್ದದ್ದನ್ನು ‘ಇಂಟ್ ಮೇನ್’ ಮಾಡಿ. ‘ಸಿಎಲ್‌ಆರ್‌ಎಸ್‌ಸಿಆರ್’ ತೆಗೆಯಿರಿ, ಜಿಸಿಸಿ ಕಂಪೈಲರಿನಲ್ಲಿ ಅದಿಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಎರರ್ ಕೊಡದ ವ್ಯತ್ಯಾಸಕ್ಕೆ. ಟರ್ಬೊದಲ್ಲಿ ‘ಇಂಟ್’ 2 ಬೈಟ್, ಇಂದಿನ ಜಿಸಿಸಿಯಲ್ಲಿ 4 ಬೈಟ್. ಅಲ್ಲಿ 32767ಕ್ಕೆ 1 ಕೂಡಿಸಿದರೆ -32768 ಬರುತ್ತಿತ್ತು, ಇಲ್ಲಿ 32768 ಬರುತ್ತದೆ. ಲ್ಯಾಬ್ ರೆಕಾರ್ಡ್‌ನಲ್ಲಿ ಬರೆದ ಔಟ್‌ಪುಟ್ ಬೇರೆಯಾಗಲು ಇದೂ ಕಾರಣ.

ವಿಎಸ್ ಕೋಡ್‌ನಲ್ಲಿ ಸಿ++ ಮಟ್ಟವನ್ನು ಎರಡು ಕಡೆ ಹೇಳಬೇಕು. ‘ಸಿ_ಸಿಪಿಪಿ_ಪ್ರಾಪರ್ಟೀಸ್.ಜೇಸನ್’ನ ‘ಸಿಪಿಪಿಸ್ಟ್ಯಾಂಡರ್ಡ್’ ಕೆಂಪು ಗೆರೆಗೆ ಮಾತ್ರ. ಕಂಪೈಲ್ ಮಾಡುವುದಕ್ಕೆ ‘ಟಾಸ್ಕ್ಸ್.ಜೇಸನ್’ನ ‘ಆರ್ಗ್ಸ್’ನಲ್ಲಿ ‘-ಎಸ್‌ಟಿಡಿ=ಸಿ++20’ ಸೇರಿಸಬೇಕು. ಏನೂ ಹೇಳದಿದ್ದರೆ ಜಿಸಿಸಿ 6ರಿಂದ 10ರವರೆಗಿನವು ಸಿ++14 ಹಿಡಿಯುತ್ತವೆ, 11ರಿಂದ 15ರವರೆಗಿನವು ಸಿ++17. ಕೆಂಪು ಗೆರೆ ಇಲ್ಲದೆಯೂ ಕಂಪೈಲ್ ಆಗದಿದ್ದರೆ ಇಲ್ಲೇ ನೋಡಿ.

ಟೈಪ್‌ಸ್ಕ್ರಿಪ್ಟ್ ಮತ್ತು ನೋಡ್?

ಎಡಿಟರಿನಲ್ಲಿ ಎರರ್ ಇಲ್ಲ, ಟರ್ಮಿನಲ್‌ನಲ್ಲಿ ‘ಟಿಎಸ್‌ಸಿ’ (ಟೈಪ್‌ಸ್ಕ್ರಿಪ್ಟ್ ಕಂಪೈಲರ್) ಓಡಿಸಿದರೆ ಎರರ್ ಎಂದಾದರೆ ಎರಡು ಬೇರೆ ಟೈಪ್‌ಸ್ಕ್ರಿಪ್ಟ್‌ಗಳು ಕೆಲಸ ಮಾಡುತ್ತಿವೆ. ಟೈಪ್‌ಸ್ಕ್ರಿಪ್ಟ್ ಫೈಲೊಂದನ್ನು ತೆರೆದಿಟ್ಟು ‘ಟೈಪ್‌ಸ್ಕ್ರಿಪ್ಟ್: ಸೆಲೆಕ್ಟ್ ಟೈಪ್‌ಸ್ಕ್ರಿಪ್ಟ್ ವರ್ಷನ್’ ಕೊಟ್ಟು ‘ಯೂಸ್ ವರ್ಕ್‌ಸ್ಪೇಸ್ ವರ್ಷನ್’ ಆರಿಸಿ. ಫೈಲ್ ತೆರೆಯದಿದ್ದರೆ ಈ ಕಮಾಂಡ್ ಕಾಣುವುದೇ ಇಲ್ಲ.

ನೋಡ್ ವರ್ಷನ್ ಬದಲಿಸುವ ಉಪಕರಣ ಎನ್‌ವಿಎಂ. ‘.ಎನ್‌ವಿಎಂಆರ್‌ಸಿ’ ಫೈಲ್ ಇಟ್ಟ ಮಾತ್ರಕ್ಕೆ ವರ್ಷನ್ ಬದಲಾಗುವುದಿಲ್ಲ, ‘ಎನ್‌ವಿಎಂ ಯೂಸ್’ ಎನ್ನಬೇಕು. ವಿಂಡೋಸ್‌ನ ಎನ್‌ವಿಎಂ ಬೇರೆಯೇ ಯೋಜನೆ. ಅದರಲ್ಲಿ ಒಂದು ಟರ್ಮಿನಲ್‌ನಲ್ಲಿ ಬದಲಿಸಿದರೆ ಇಡೀ ಕಂಪ್ಯೂಟರಿಗೆ ಬದಲಾಗುತ್ತದೆ, ಪಕ್ಕದ ಪ್ರಾಜೆಕ್ಟಿಗೂ ಸೇರಿ.

ಉಬುಂಟುವಿನಲ್ಲಿ ಹಳೆಯ ಪೈಥಾನ್ ತೆಗೆದು ಹೊಸದು ಹಾಕಬಹುದೇ?

ತೆಗೆಯಬೇಡಿ. ಉಬುಂಟುವಿನ ಸ್ವಂತ ಉಪಕರಣಗಳು ಅದರ ಮೇಲೆಯೇ ನಿಂತಿವೆ. ತೆಗೆದರೆ ಡೆಸ್ಕ್‌ಟಾಪ್ ಕೂಡ ಹೋಗಬಹುದು. ಉಬುಂಟು 22.04ರಲ್ಲಿ ಪೈಥಾನ್ 3.10 ಇದೆ, 24.04ರಲ್ಲಿ 3.12. ಬೇರೆ ಬೇಕಾದರೆ ಪೈಎನ್ವ್ ಅಥವಾ ಯುವಿ ಎಂಬ ಉಪಕರಣ ಬಳಸಿ ಪಕ್ಕದಲ್ಲಿ ಹಾಕಿ.

ಸೆಟ್ಟಿಂಗ್‌ನಲ್ಲಿ 3.10 ಬರೆದರೆ 3.1 ಎಂದು ಓದುತ್ತದೆ.

ಯಾಮಲ್ ಎಂಬ ಬಗೆಯ ಸೆಟ್ಟಿಂಗ್ ಫೈಲ್‌ನಲ್ಲಿ ಉದ್ಧರಣ ಚಿಹ್ನೆ ಇಲ್ಲದೆ ಬರೆದರೆ ಅದು ದಶಮಾಂಶ ಸಂಖ್ಯೆ ಆಗುತ್ತದೆ, ಕೊನೆಯ ಸೊನ್ನೆ ಬಿದ್ದುಹೋಗುತ್ತದೆ. "3.10" ಎಂದು ಬರೆಯಿರಿ.

ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ನೆಚ್ಚುವಂತಿಲ್ಲ. ಲೈಬ್ರರಿಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದೇ?

ಖಂಡಿತ. ನೆಟ್ ಇರುವಲ್ಲಿ ‘ಪೈಥಾನ್ -ಎಂ ಪಿಪ್ ಡೌನ್‌ಲೋಡ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ -ಡಿ ಪೆಟ್ಟಿಗೆ’ ಕೊಡಿ. ‘ಪೆಟ್ಟಿಗೆ’ ಜಾಗದಲ್ಲಿ ನಿಮಗೆ ಬೇಕಾದ ಫೋಲ್ಡರಿನ ಹೆಸರು. ಮನೆಯಲ್ಲಿ ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ಪೆಟ್ಟಿಗೆ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಕೊಡಿ.

ಎರಡೂ ಕಡೆ ಪೈಥಾನ್ ಸಂಖ್ಯೆ ಒಂದೇ ಇರಬೇಕು. ಇಳಿದ ಫೈಲುಗಳ ಹೆಸರಿನಲ್ಲಿ ‘ಸಿಪಿ311-ಸಿಪಿ311’ ಎಂದಿದ್ದರೆ ಅದು 3.11ಕ್ಕೆ ಮಾತ್ರ, 3.12 ಅದನ್ನು ಮುಟ್ಟುವುದಿಲ್ಲ. ‘ವಿನ್_ಎಎಂಡಿ64’ ಎಂದಿದ್ದರೆ 64 ಬಿಟ್ ವಿಂಡೋಸ್‌ಗೆ ಮಾತ್ರ. ‘ಪೈ3-ನನ್-ಎನಿ’ ಎಂದು ಇರುವವು ಸಾಮಾನ್ಯವಾಗಿ ಯಾವ ಪೈಥಾನ್ 3ರಲ್ಲೂ ನಡೆಯುತ್ತವೆ. ನೆಟ್ ಇರುವ ಕಡೆ ಬೇರೆ ವರ್ಷನ್ ಇದ್ದರೆ ಮೊದಲನೆಯ ಕಮಾಂಡಿಗೆ ‘--ಪೈಥಾನ್-ವರ್ಷನ್ 3.11 --ಓನ್ಲಿ-ಬೈನರಿ=:ಆಲ್:’ ಸೇರಿಸಿ. ಆಗ ಓಡುತ್ತಿರುವ ಪೈಥಾನ್ ಯಾವುದೇ ಇರಲಿ, 3.11ಕ್ಕೆ ಹೊಂದುವ ಫೈಲುಗಳೇ ಇಳಿಯುತ್ತವೆ.